ಘಟ್ಟದ ಕೆಳಗಿನ ಫಿರಂಗಿ

ಎರಡನೆಯ ಮೈಸೂರು ಯುದ್ಧವನ್ನು ನಾನು ಪ್ರತಿವರ್ಷ ಒಂದೇ ಅವಧಿಯಲ್ಲಿ ಮುಗಿಸುತ್ತಿದ್ದೆ. ಕಪ್ಪುಹಲಗೆಯ ಮೇಲೆ ಕಾರಣಗಳು, ಘಟನೆಗಳು, ಪರಿಣಾಮಗಳು ಎಂದು ಮೂರು ಶೀರ್ಷಿಕೆ. ಕೊನೆಯಲ್ಲಿ ‘ಮಂಗಳೂರು ಒಪ್ಪಂದ, 1784’ ಎಂದು ಬರೆದು ಕೆಳಗೊಂದು ಗೆರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಅಮೇರಿಕದ ಜಗಳಕ್ಕೂ ಹೈದರಾಲಿಗೂ ಏನು ಸಂಬಂಧ?” ಎಂದು ಕೇಳಿದ. ಗಂಟೆ ಹೊಡೆಯಲು ಐದು ನಿಮಿಷವಿತ್ತು. “ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ಅವನು ಕುಳಿತ. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುವ ಪ್ರಯತ್ನ ಈ ಲೇಖನ.

1778ರಲ್ಲಿ ಫ್ರಾನ್ಸ್ ದೇಶವು ಅಮೇರಿಕದ ವಸಾಹತುಗಳ ಪಕ್ಷ ವಹಿಸಿ ಇಂಗ್ಲೆಂಡಿನ ವಿರುದ್ಧ ನಿಂತಿತು. ಸುದ್ದಿ ತಲುಪಿದೊಡನೆ ಇಂಗ್ಲಿಷ್ ಕಂಪನಿಯು ಭಾರತದಲ್ಲಿದ್ದ ಫ್ರೆಂಚರ ನೆಲೆಗಳ ಮೇಲೆ ಬಿದ್ದಿತು. ಅದೇ ವರ್ಷ ಪಾಂಡಿಚೇರಿ ಹೋಯಿತು. 1779ರ ಮಾರ್ಚಿನಲ್ಲಿ ಮಲಬಾರ್ ಕರಾವಳಿಯ ಮಾಹೆಯೂ ಹೋಯಿತು. ಹೈದರನಿಗೆ ಶಸ್ತ್ರಾಸ್ತ್ರಗಳು ಬರುತ್ತಿದ್ದುದು ಮಾಹೆಯ ಮೂಲಕ. ಅದು ತನ್ನ ರಕ್ಷಣೆಯಲ್ಲಿರುವ ಸ್ಥಳವೆಂದು ಅವನು ಮೊದಲೇ ಎಚ್ಚರಿಸಿದ್ದ. ಹುಡುಗ ಕೇಳಿದ ಸಂಬಂಧ ಇದೇ.

ಹಾಗೆಂದು ಹೈದರನು ಫ್ರೆಂಚರ ಕೈಗೊಂಬೆಯಾಗಿರಲಿಲ್ಲ. ಸಂಕಟಕಾಲದಲ್ಲಿ ಪರಸ್ಪರ ನೆರವಾಗುವುದಾಗಿ 1769ರಲ್ಲಿ ಮದರಾಸಿನಲ್ಲಿ ಒಪ್ಪಂದ ಮಾಡಿಕೊಂಡ ಇಂಗ್ಲಿಷರು, ಮುಂದೆ ಮರಾಠರು ದಂಡೆತ್ತಿ ಬಂದಾಗ ಕೈಕಟ್ಟಿ ಕುಳಿತಿದ್ದರು. ಆ ಸಿಟ್ಟು ಅವನಲ್ಲಿತ್ತು. ಕರ್ನಾಟಿಕ್ ಪ್ರದೇಶದ ಮೇಲೆ ಕಣ್ಣೂ ಇತ್ತು. ಫ್ರೆಂಚರಿಗೆ ಬೇಕಾಗಿದ್ದುದೇ ಬೇರೆ. ಏಳು ವರ್ಷಗಳ ಯುದ್ಧದಲ್ಲಿ ಕಳೆದುಕೊಂಡ ಮಾನವನ್ನು ಮರಳಿ ಗಳಿಸಬೇಕು, ಇಂಗ್ಲಿಷರ ಸೈನ್ಯವನ್ನು ಇಲ್ಲಿಯೇ ಕಟ್ಟಿಹಾಕಬೇಕು. ಇಬ್ಬರಿಗೂ ಶತ್ರು ಒಬ್ಬನೇ. ಗುರಿ ಮಾತ್ರ ಒಂದಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಮೈಸೂರು ಸೈನ್ಯವು ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿತು.

ಇನ್ನು ನಮ್ಮ ಸೀಮೆಯ ಮಾತು. ಪೂರ್ವದಲ್ಲಿ ಪೆಟ್ಟು ತಿಂದ ಇಂಗ್ಲಿಷರು ಮೈಸೂರಿನ ಬೆನ್ನಿಗೆ ಹೊಡೆಯಲು ಪಶ್ಚಿಮದ ಸಮುದ್ರದಿಂದ ಬಂದರು. ಮಂಗಳೂರು, ಹೊನ್ನಾವರಗಳಲ್ಲಿ ಹೈದರನ ಹಡಗುಗಳಿದ್ದವು. ಆ ಬಂದರುಗಳು ಫ್ರೆಂಚರಿಗೆ ಒದಗಿದರೆ ಮುಂಬಯಿಗೇ ಅಪಾಯ. ಘಟ್ಟದ ಮೇಲಿನ ಕಾಳುಮೆಣಸು ಇಳಿಯುತ್ತಿದ್ದುದೂ ಇದೇ ಕರಾವಳಿಗೆ. 1782ರ ಕೊನೆಯಲ್ಲಿ ಮುಂಬಯಿಯಿಂದ ಹೊರಟ ಜನರಲ್ ಮ್ಯಾಥ್ಯೂಸ್ ಮೊದಲು ಹಿಡಿದದ್ದು ರಾಜಮುಂದ್ರುಗದ ಕೋಟೆಯನ್ನು. ಅದಿರುವುದು ಅಘನಾಶಿನಿ ಸಮುದ್ರ ಸೇರುವಲ್ಲಿ. ನಮ್ಮ ಶಿರಸಿ, ಸಿದ್ದಾಪುರ ಸೀಮೆಯ ಕಾಡಿನ ನೀರನ್ನು ಹೊತ್ತು, ಉಂಚಳ್ಳಿಯಲ್ಲಿ ಧುಮುಕಿ ಸಾಗುವ ಅದೇ ಅಘನಾಶಿನಿ! ದೊಡ್ಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗಲೆಲ್ಲ ಈಗ ನನಗೆ ಇದು ನೆನಪಾಗುತ್ತದೆ. ಅಷ್ಟು ವರ್ಷ ಪಾಠ ಹೇಳಿದರೂ ಒಮ್ಮೆಯೂ ಹೊಳೆದಿರಲಿಲ್ಲ.

1783ರ ಜನವರಿಯಲ್ಲಿ ಹೊನ್ನಾವರ ಬಿದ್ದಿತು. ತಿಂಗಳು ಮುಗಿಯುವುದರೊಳಗೆ ಬಿದನೂರೂ ಇಂಗ್ಲಿಷರ ವಶವಾಯಿತು. ಹಿಂದಿನ ಡಿಸೆಂಬರ್ 7ರಂದೇ ಹೈದರ್ ತೀರಿಕೊಂಡಿದ್ದ. ಟೀಪು ಧಾವಿಸಿ ಬಂದು ಬೇಸಿಗೆಯಲ್ಲಿ ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ. ಇತ್ತ ಹೊನ್ನಾವರದ ಕೋಟೆಯೊಳಗೆ ಕ್ಯಾಪ್ಟನ್ ಟೊರಿಯಾನೊನ ಪಡೆ ಸಿಕ್ಕಿಬಿದ್ದಿತು. ಹಸಿವು ಮತ್ತು ರೋಗಗಳು ಒಳಗಿದ್ದವರನ್ನು ಗುಂಡಿಗಿಂತ ಹೆಚ್ಚಾಗಿ ಕಾಡಿದವು.

ಅಷ್ಟರಲ್ಲಿ ಯುರೋಪಿನಿಂದ ಸುದ್ದಿ ಬಂತು: ಫ್ರಾನ್ಸ್ ಮತ್ತು ಇಂಗ್ಲೆಂಡುಗಳು ರಾಜಿಯಾಗಿವೆ! ಆ ಕಾಗದಕ್ಕೆ ಸಹಿ ಬಿದ್ದದ್ದು 1783ರ ಜನವರಿ 20ರಂದು. ಹೊನ್ನಾವರ ಬಿದ್ದ ತಿಂಗಳಲ್ಲಿಯೇ! ಸುದ್ದಿ ಹಡಗಿನಲ್ಲಿ ಬರಲು ಹಿಡಿದ ತಿಂಗಳುಗಳಲ್ಲಿ ಸತ್ತವರೆಷ್ಟೋ! ಮಂಗಳೂರಿನಲ್ಲಿ ಟೀಪುವಿನ ಪಕ್ಕದಲ್ಲಿ ನಿಂತಿದ್ದ ಕೊಸಿನ್ಯಿಯ ಫ್ರೆಂಚ್ ಪಡೆ ಮುತ್ತಿಗೆಯ ನಡುವೆಯೇ ಹಿಂದೆ ಸರಿಯಿತು. ಸ್ನೇಹದ ಆಳ ಅಷ್ಟೇ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಇಬ್ಬರೂ ಗೆದ್ದ ಸ್ಥಳಗಳನ್ನು ಹಿಂದಿರುಗಿಸಿದರು. ಗಡಿ ಹಿಂದಿದ್ದಲ್ಲಿಗೇ ಬಂತು.

ನಮ್ಮವರು ಯಾರ ಪಕ್ಷದಲ್ಲಿದ್ದರು ಎಂದು ಕೇಳಬಹುದು. ಹೈದರನೇ ಈ ಸೀಮೆಗೆ ಹೊಸಬ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಸೋದೆಯನ್ನೂ ಕಬಳಿಸಿದ್ದ. ಸೋದೆಯ ಅರಸ ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಓಡಿದ್ದ. ತೋಟದವನಿಗೆ ದೊರೆ ಬದಲಾದರೂ ತೆರಿಗೆ ತಪ್ಪಲಿಲ್ಲ, ಮೆಣಸಿನ ಬಳ್ಳಿ ಕಾಯುವುದು ತಪ್ಪಲಿಲ್ಲ. 1801ರಲ್ಲಿ ಇತ್ತ ಬಂದ ಬುಕಾನನ್ ನಮ್ಮ ಅಡಿಕೆ, ಮೆಣಸಿನ ತೋಟಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಪಾಳುಬಿದ್ದ ಸೋದೆಯನ್ನೂ ಕಂಡಿದ್ದಾನೆ.

ಪ್ರಿಯ ವಿದ್ಯಾರ್ಥಿಗಳೆ, ದೂರದ ಯುದ್ಧದ ಸುದ್ದಿಯನ್ನು ಇಂದು ಟಿ.ವಿ.ಯಲ್ಲಿ ನೋಡುವಾಗ ‘ಗೆಲ್ಲುವವರು ಯಾರು?’ ಎಂದು ಕೇಳುವ ಮೊದಲು, ‘ಈ ಯುದ್ಧದಿಂದ ಯಾರಿಗೆ ಏನು ಬೇಕಾಗಿದೆ? ಅದು ದೊರೆತ ಮರುದಿನ ಮನೆಗೆ ಹೋಗುವವರು ಯಾರು, ಅಲ್ಲಿಯೇ ಉಳಿಯುವವರು ಯಾರು?’ ಎಂದು ಕೇಳಿಕೊಳ್ಳಿ. ಇದನ್ನು ನಾನು ಆ ದಿನವೇ ಹೇಳಬೇಕಿತ್ತು. ಐದು ನಿಮಿಷ ಸಾಕಾಗುತ್ತಿತ್ತು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಇದನ್ನು ಅವನಿಗೆ ತಲುಪಿಸಿ. ಉತ್ತರ ತಡವಾಯಿತು, ಕ್ಷಮಿಸು ಎಂದು ಮಾಸ್ತರರು ಹೇಳಿದ್ದಾರೆನ್ನಿ.