ರಿವರ್ಸ್‌ನಲ್ಲಿ ಬೆಟ್ಟ ಹತ್ತಿದ ಕಾರು

1/6
ನೂರು ವರ್ಷದ ಹಿಂದೆ ಅಮೆರಿಕದ ಹಳ್ಳಿ ರಸ್ತೆಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣ್ತಿತ್ತು. ಕಡಿದಾದ ಏರು ಬಂತು ಅಂದ್ರೆ ಡ್ರೈವರ್ ಕಾರಿನ ಮೂತಿಯನ್ನ ಬಂದ ದಾರಿಗೇ ತಿರುಗಿಸಿ, ರಿವರ್ಸ್‌ನಲ್ಲೇ ಏರು ಹತ್ತಿಸ್ತಿದ್ದ. ನೋಡಿದವರಿಗೆ ಹುಚ್ಚಾಟ ಅನ್ನಿಸಬಹುದು. ಆದ್ರೆ ಇದರ ಹಿಂದೆ ಪಕ್ಕಾ ಲೆಕ್ಕ ಇತ್ತು. ಆ ಲೆಕ್ಕವೇ ಗೇರ್ ರೇಶಿಯೋ.

2/6
ಕಥೆ ಶುರುವಾಗೋದು ಇನ್ನೂ ಹಿಂದೆ, ಜರ್ಮನಿಯಲ್ಲಿ. 1886ರಲ್ಲಿ ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಹಾಕಿದರು. ಜನ ನಂಬಿ ಕೊಳ್ಳಲಿಲ್ಲ. 1888ರ ಆಗಸ್ಟ್‌ನಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಹೊರಟೇಬಿಟ್ಟರು. ಸುಮಾರು 100 ಕಿ.ಮೀ. ದಾರಿ. ಸಮ ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಏರು ಬಂದಾಗ ಮಾತ್ರ ಇಳಿದು ತಳ್ಳಬೇಕಾಯ್ತು. ಆ ಪ್ರಯಾಣದ ನಂತರ ಬರ್ತಾ ಕೊಟ್ಟ ಸಲಹೆಗಳಲ್ಲಿ ಒಂದು: ಏರಿಗೆ ಅಂತಲೇ ಇನ್ನೊಂದು ಗೇರ್ ಬೇಕು. ವರ್ಕ್‌ಶಾಪ್‌ನಲ್ಲಿ ಹೊಳೆಯದ ಕೊರತೆ ರಸ್ತೆಯಲ್ಲಿ ಬೆವರು ಸುರಿಸಿದವರಿಗೆ ಗೊತ್ತಾಯ್ತು.

3/6
ಗೇರ್ ಮಾಡೋ ಕೆಲಸ ಏನು? ಹಾರೆ ಹಾಕಿ ಬಂಡೆ ಮೀಟೋದನ್ನ ನೋಡಿರ್ತೀರಿ. ನಮ್ಮ ಕೈ ಮಾರುದ್ದ ಇಳಿದ್ರೆ ಬಂಡೆ ಏಳೋದು ಗೇಣುದ್ದ ಅಷ್ಟೇ. ದೂರ ಕೊಟ್ಟು ಬಲ ತಗೊಂಡ್ವಿ. ಗೇರ್ ಕೂಡ ಇದನ್ನೇ ಮಾಡುತ್ತೆ. ಇಂಜಿನ್ ಹೆಚ್ಚು ಸಲ ತಿರುಗಿ ಚಕ್ರವನ್ನ ಕಡಿಮೆ ಸಲ ತಿರುಗಿಸಿದ್ರೆ, ಎಳೆತ ಜಾಸ್ತಿ, ವೇಗ ಕಮ್ಮಿ. ಉಲ್ಟಾ ಆದ್ರೆ ವೇಗ ಜಾಸ್ತಿ, ಎಳೆತ ಕಮ್ಮಿ. ಗೇರ್ ಹೊಸದಾಗಿ ಶಕ್ತಿ ಹುಟ್ಟಿಸಲ್ಲ. ಇರೋ ಶಕ್ತಿಯನ್ನ ಯಾವ ರೂಪದಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನಿಸುತ್ತೆ.

4/6
ಈಗ ಆ ರಿವರ್ಸ್ ಕಾರಿಗೆ ಬರೋಣ. ಅದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಕಾರು. ಇಂಜಿನ್ 20 ಕುದುರೆ ಶಕ್ತಿಯದ್ದು. ಮುಂದಕ್ಕೆ ಹೋಗೋಕೆ ಬರೀ ಎರಡು ಗೇರ್, ಹಿಂದಕ್ಕೆ ಒಂದು. ಹೈ ಗೇರ್‌ನಲ್ಲಿ ಚಕ್ರ ಒಂದು ಸುತ್ತು ಬರೋಕೆ ಇಂಜಿನ್ 3.64 ಸುತ್ತು ತಿರುಗಬೇಕು. ಲೋ ಗೇರ್‌ನಲ್ಲಿ ಇದರ 2.75 ಪಟ್ಟು, ಅಂದ್ರೆ ಸುಮಾರು 10 ಸುತ್ತು. ರಿವರ್ಸ್‌ನಲ್ಲಿ 4 ಪಟ್ಟು, ಅಂದ್ರೆ ಸುಮಾರು 14.6 ಸುತ್ತು.

ಈಗ ನಾವೇ ಲೆಕ್ಕ ಹಾಕೋಣ. ಚಕ್ರದ ವ್ಯಾಸ 30 ಇಂಚು. ಇಂಜಿನ್ ನಿಮಿಷಕ್ಕೆ 1600 ಸುತ್ತು ತಿರುಗಿದ್ರೆ ಹೈ ಗೇರ್‌ನಲ್ಲಿ ಗಂಟೆಗೆ 63 ಕಿ.ಮೀ., ಲೋ ಗೇರ್‌ನಲ್ಲಿ 23, ರಿವರ್ಸ್‌ನಲ್ಲಿ 16. ವೇಗದಲ್ಲಿ ರಿವರ್ಸ್ ಕೊನೇ ಸ್ಥಾನ, ಎಳೆತದಲ್ಲಿ ಮೊದಲ ಸ್ಥಾನ. ಬೆಟ್ಟಕ್ಕೆ ಬೇಕಿದ್ದದ್ದು ಅದೇ.

ಇನ್ನೊಂದು ಕಾರಣನೂ ಇತ್ತು. ಈ ಕಾರಿಗೆ ಪೆಟ್ರೋಲ್ ಪಂಪ್ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕ್‌ನಿಂದ ಪೆಟ್ರೋಲ್ ತಾನಾಗೇ ಇಳಿದು ಇಂಜಿನ್‌ಗೆ ಹೋಗಬೇಕು. ಏರಿನಲ್ಲಿ ಮೂತಿ ಮೇಲಾದ್ರೆ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಮ್ಮಿ ಇದ್ದಾಗ ಅದು ಹರೀತಾನೇ ಇರಲಿಲ್ಲ. ಹಿಂದುಮುಂದಾಗಿ ಹತ್ತಿದ್ರೆ ಎರಡೂ ಸಮಸ್ಯೆಗೆ ಒಂದೇ ಪರಿಹಾರ!

5/6
ಆದ್ರೆ 23ಕ್ಕೂ 63ಕ್ಕೂ ನಡುವಿನ ಅಂತರ ನೋಡಿ. ಎಷ್ಟೋ ಏರುಗಳು ಹೈ ಗೇರ್‌ಗೆ ಕಷ್ಟ, ಲೋ ಗೇರ್‌ನಲ್ಲಿ ಹೋದ್ರೆ ಆಮೆ ನಡಿಗೆ. ಅದೂ ಎಡಗಾಲಿನ ಪೆಡಲ್ ಒತ್ತಿ ಹಿಡ್ಕೊಂಡೇ ಹತ್ತಬೇಕು. ಇದಕ್ಕೇ 1920ರ ದಶಕದಲ್ಲಿ ಮಾಲೀಕರು ರಕ್‌ಸ್ಟೆಲ್ ಅನ್ನೋ ಎರಡು ವೇಗದ ಹಿಂದಿನ ಆಕ್ಸಲ್ ಹಾಕಿಸಿಕೊಳ್ತಿದ್ರು. ಇಂಜಿನ್ ಅದೇ, ಆದ್ರೆ ನಡುವೆ ಹೊಸ ಮೆಟ್ಟಿಲು ಸಿಕ್ತು. ಇವತ್ತಿನ ಕಾರುಗಳಲ್ಲಿ ಐದಾರು ಗೇರ್ ಇರೋದೂ ಇದಕ್ಕೇ. ನಿಂತಲ್ಲಿಂದ ಚುರುಕಾಗಿ ಏಳೋಕೆ ಫಸ್ಟ್ ಗೇರ್, ಹೈವೇಗೆ ಟಾಪ್ ಗೇರ್, ನಡುವಿನವು ಒಂದರಿಂದ ಇನ್ನೊಂದಕ್ಕೆ ದಾಟಿಸೋ ಮೆಟ್ಟಿಲುಗಳು.

6/6
ಬೈಕ್‌ಗೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿಸಿದ್ರೆ ಪವರ್ ಜಾಸ್ತಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಈ ಕಥೆ ನೆನಪಿಸ್ಕೊಳ್ಳಿ. ಪಿಕಪ್ ಜಾಸ್ತಿ ಆಗುತ್ತೆ, ನಿಜ. ಆದ್ರೆ ಅದೇ ವೇಗಕ್ಕೆ ಇಂಜಿನ್ ಹೆಚ್ಚು ಸುತ್ತು ತಿರುಗಬೇಕು, ಅದರ ಮಿತಿ ಬೇಗ ಬರುತ್ತೆ, ಟಾಪ್ ಸ್ಪೀಡ್ ಸಾಮಾನ್ಯವಾಗಿ ಇಳಿಯುತ್ತೆ. ತೀರಾ ಚಿಕ್ಕದು ಹಾಕಿಸಿದ್ರೂ ಲಾಭ ಇಲ್ಲ, ಗಾಳಿಯ ತಡೆ ಮೀರೋಕೆ ಬೇಕಾದ ಎಳೆತ ಉಳಿಯಲ್ಲ. ಒಂದು ಕಡೆ ಪಡೆದ್ರೆ ಇನ್ನೊಂದು ಕಡೆ ಕೊಡಲೇಬೇಕು.

1888ರಲ್ಲಿ ಏರಿನಲ್ಲಿ ಗಾಡಿ ತಳ್ಳಿದ ಆ ತಾಯಿ ಮಕ್ಕಳಿಗೆ ಈ ಲೆಕ್ಕ ಪುಸ್ತಕದಿಂದ ಸಿಕ್ಕಿದ್ದಲ್ಲ. ಮುಂದಿನ ಸಲ ಏರಿನಲ್ಲಿ ಡ್ರೈವರ್ ಗೇರ್ ಇಳಿಸಿದಾಗ ಇಂಜಿನ್ ಸದ್ದು ಕೇಳಿಸ್ಕೊಳ್ಳಿ. ಬರ್ತಾ ಕೇಳಿದ್ದ ಗೇರ್ ಅದೇ.

ಸೇವ್ ಮಾಡ್ಕೊಳ್ಳಿ, ಬೈಕ್ ಹುಚ್ಚಿನ ಫ್ರೆಂಡ್‌ಗೆ ಕಳಿಸಿ.

#ಗೇರ್‌ಕಥೆ #ಕಾರಿನಇತಿಹಾಸ #ಕನ್ನಡದಲ್ಲಿವಿಜ್ಞಾನ