ಗ್ರೀಸಲ್ಲ, ಎಣ್ಣೆ: ಮದ್ರಾಸಿನ ಹೆರಾಲ್ಡ್ ಹೇಳುವ ಗಾಲಿಯ ಕತೆ



ಮುಂಬಯಿಯಲ್ಲಿರುವ ನಿಮಗೆ ಹಳೆ ಕಾರು ಎಂದೊಡನೆ ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಕಣ್ಮುಂದೆ ಬರುತ್ತದೆ. ದೆಹಲಿಯವರಿಗೆ ಅಂಬಾಸಿಡರ್. ಚೆನ್ನೈನ ಹಿರಿಯ ಕೇಳುಗರಿಗೆ ಮಾತ್ರ ತಮ್ಮೂರಿನದೇ ಆದ ಇನ್ನೊಂದು ಹೆಸರು ನೆನಪಿದ್ದೀತು: ಸ್ಟ್ಯಾಂಡರ್ಡ್ ಹೆರಾಲ್ಡ್. ಇವು ಯಾವುವೂ ಈಗ ತಯಾರಾಗುತ್ತಿಲ್ಲ. ಅಂಬಾಸಿಡರ್ 2014ರಲ್ಲಿ ನಿಂತಿತು. ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಯಲ್ಲಿಲ್ಲ. ಆದರೂ ಭಾನುವಾರದ ರ‍್ಯಾಲಿಗಳಲ್ಲಿ ಇವು ಹೊಸ ಬಣ್ಣ ಬಳಿದುಕೊಂಡು ಮದುಮಕ್ಕಳಂತೆ ಬರುತ್ತವೆ. ಬಣ್ಣದ ಮಾತು ಬಿಡಿ. ಗಾಲಿ ಮತ್ತು ಬ್ರೇಕಿನ ಗತಿ ಏನು? ಇದಕ್ಕೆ ಹೆರಾಲ್ಡ್‌ನ ಇತಿಹಾಸದಲ್ಲೇ ಒಂದು ಪಾಠವಿದೆ.

ಹೆರಾಲ್ಡ್ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದರ ಮೈಕಟ್ಟನ್ನು ರೂಪಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಅದು ಮದ್ರಾಸಿನಲ್ಲೂ ತಯಾರಾಗತೊಡಗಿತು. ಸುಮಾರು 25 ಅಡಿ ಜಾಗ ಸಿಕ್ಕರೆ ಸಾಕು, ಈ ಕಾರು ಪೂರ್ತಿ ಒಂದು ಸುತ್ತು ತಿರುಗುತ್ತಿತ್ತು. ಇಕ್ಕಟ್ಟಿನ ಬೀದಿಗಳಿಗೆ ಹೇಳಿ ಮಾಡಿಸಿದ ಗುಣ ಅದು. ಅಷ್ಟು ತಿರುಗಬೇಕಾದರೆ ಮುಂದಿನ ಗಾಲಿಗಳು ಬಹಳ ಓರೆಯಾಗಬೇಕು. ಗಾಲಿಯನ್ನು ಹಿಡಿದ ಉಕ್ಕಿನ ಕಂಬದ ಕೆಳತುದಿಯಲ್ಲಿ ತಿರುಪಿನ ಮರೆ ಇರುತ್ತದೆ. ಅದು ಹಿತ್ತಾಳೆ ಬಣ್ಣದ ಒಂದು ಗಟ್ಟಿಯೊಳಗೆ ಕೂತಿರುತ್ತದೆ. ಆ ಗಟ್ಟಿಯ ಹೆಸರು ಟ್ರನಿಯನ್. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಅದರೊಳಗೆ ಆಡುತ್ತದೆ.

ಇಲ್ಲಿ ಗ್ರೀಸ್ ಬೇಡ, ಗೇರ್ ಆಯಿಲ್ ಹಾಕಿ ಎಂದು ತಯಾರಕರು ಹೇಳಿದ್ದರು. ಆದರೆ ಎಣ್ಣೆ ಹಾಕುವ ಬಾಯಿ ನೋಡಲು ಗ್ರೀಸ್ ಹಾಕುವ ಬಾಯಿಯಂತೆಯೇ. ಕೈಪಿಡಿ ಕಳೆದುಹೋದ ಮೇಲೆ ಗ್ಯಾರೇಜಿನ ಹುಡುಗ ಅಲ್ಲಿಗೂ ಗ್ರೀಸ್ ಗನ್ ಇಟ್ಟರೆ ಆಶ್ಚರ್ಯವೇನು? ಗಟ್ಟಿ ಗ್ರೀಸ್ ತಿರುಪಿನ ತಳದವರೆಗೆ ಇಳಿಯುವುದಿಲ್ಲ. ಮಳೆನೀರು ಮಾತ್ರ ಇಳಿಯುತ್ತದೆ. ಒಳಗೊಳಗೇ ತುಕ್ಕು ಹಿಡಿದ ಉಕ್ಕು ಒಂದು ದಿನ ತುಂಡಾಗಿ ಗಾಲಿ ಮಡ್‌ಗಾರ್ಡಿನಡಿಗೆ ಮಡಚಿಕೊಳ್ಳುತ್ತದೆ. ಹೆಚ್ಚಾಗಿ ಇದು ಕಾರು ನಿಲ್ಲಿಸುವಾಗ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಆಗುವುದರಿಂದ ಜೀವ ಉಳಿಯುತ್ತದೆ. ಹೆದ್ದಾರಿಯಲ್ಲಿ ಆದರೆ ಹೇಳುವುದೇ ಬೇಡ. ನಮ್ಮಲ್ಲಿ ‘ಬೇಬಿ ಹಿಂದುಸ್ತಾನ್’ ಎಂದು ಮಾರಾಟವಾದ ಮಾರಿಸ್ ಮೈನರ್‌ಗೂ ಇಂಥದೇ ಕುಖ್ಯಾತಿಯಿದೆ. ಅದಕ್ಕೆ ಗ್ರೀಸೇ ಸರಿ. ಹಾಕುವುದನ್ನು ಮರೆತರೆ ತಿರುಪು ಸವೆದು ಕಂಬ ಕಳಚಿಕೊಳ್ಳುತ್ತದೆ.

ಇನ್ನು ಬ್ರೇಕು. ಕಾರುಗಳಿಗೆ ಎಣ್ಣೆಯ ಒತ್ತಡದ ಬ್ರೇಕ್ ಬಂದದ್ದು 1921ರಲ್ಲಿ, ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ಮೂಲಕ. ನಂತರ ದಶಕಗಳ ಕಾಲ ಹೆಚ್ಚಿನ ಕಾರುಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಜಾಲ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಅಮೆರಿಕ 1968ರಿಂದ ಹೊಸ ಕಾರುಗಳಲ್ಲಿ ಈ ಜಾಲವನ್ನು ಎರಡಾಗಿ ಒಡೆಯುವುದನ್ನು ಕಡ್ಡಾಯ ಮಾಡಿತು. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್‌ಗೆ ಇನ್ನೊಂದು ಗುಣವಿದೆ: ಗಾಳಿಯ ತೇವವನ್ನು ಹೀರುವುದು. ಮುಂಬಯಿ, ಚೆನ್ನೈನಂಥ ಕಡಲ ಊರುಗಳಲ್ಲಿ ಕೇಳಬೇಕೇ? ನೀರು ಸೇರಿದ ಎಣ್ಣೆ ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ. ಖಂಡಾಲದಂಥ ಘಟ್ಟ ಇಳಿಯುವಾಗ ಡ್ರಮ್ಮು ಕಾದರೆ ಆ ನೀರು ಆವಿಯಾಗುತ್ತದೆ. ಪೆಡಲ್ ತುಳಿದರೆ ಸ್ಪಂಜು ತುಳಿದಂತೆ.

ಹಾಗಾದರೆ ಆ ಕಾಲದ ಎಂಜಿನಿಯರರು ತಿಳಿಯದವರೇ? ಅಲ್ಲ. ಇಷ್ಟು ಮೈಲಿಗೊಮ್ಮೆ ಒಬ್ಬ ಮನುಷ್ಯ ಎಣ್ಣೆಯ ಡಬ್ಬಿ ಹಿಡಿದು ಕಾರಿನಡಿಗೆ ಬಗ್ಗುತ್ತಾನೆ ಎಂದು ನಂಬಿಯೇ ಅವರು ಕಾರು ಕಟ್ಟಿದ್ದರು. ದಿನವಿಡೀ ದುಡಿಯುವ ಟ್ಯಾಕ್ಸಿಗೆ ಆ ಲೆಕ್ಕ ಸರಿಹೋಗುತ್ತಿತ್ತು. ಇಂದಿನ ಹಳೆ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಿದ, 50 ವರ್ಷ ದಾಟಿದ ಕಾರುಗಳು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗಿಳಿಯಬಹುದು. ಮೈಲಿ ಕೂಡುವುದಿಲ್ಲ, ತುಕ್ಕು ಕೂಡುತ್ತದೆ. ಆದ್ದರಿಂದ ಇನ್ನು ಮೈಲಿಯ ಲೆಕ್ಕ ಬಿಡಿ, ಕ್ಯಾಲೆಂಡರ್ ನೋಡಿ.

ನಿಮ್ಮ ಮನೆಯಲ್ಲಿ ಅಪ್ಪನದೋ ಅಜ್ಜನದೋ ಕಾರಿದ್ದರೆ ಇಷ್ಟು ಮಾಡಿ. ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ, ರಬ್ಬರ್ ಪೈಪುಗಳನ್ನು ನೋಡಿಸಿ. ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಕಾರು ಹೊರಗೆ ತೆಗೆಯಬೇಡಿ. ಮುಂದಿನ ಗಾಲಿಯನ್ನು ಜಾಕ್ ಮೇಲೆತ್ತಿಸಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ರ‍್ಯಾಲಿಯಲ್ಲಿ ಮುಂದಿನ ಕಾರಿನಿಂದ ದೂರವಿರಿ: 2019ರ ನಂತರದ ಕಾರುಗಳಿಗೆ ಎಬಿಎಸ್ ಇದೆ, ನಿಮ್ಮದಕ್ಕಿಲ್ಲ. ಹೆರಾಲ್ಡ್ ಇರುವ ಅದೃಷ್ಟವಂತರು ನೀವಾದರೆ, ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿ ಬರೆದು ಸ್ಟೇರಿಂಗಿಗೆ ಕಟ್ಟಿಬಿಡಿ: “ಟ್ರನಿಯನ್‌ಗೆ ಗ್ರೀಸ್ ಬೇಡ, ಎಣ್ಣೆ ಹಾಕಿ.”