ಚಂದ್ರಿಯ ಸೆರೆವಾಸ

ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ತೆಗೆದ 'ಸಂಸ್ಕಾರ' ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿಯನ್ನೇ ಕೊಡಲಿಲ್ಲ. ಜಾತಿ ವೈಷಮ್ಯ ಕೆರಳೀತೆಂಬ ಅಳುಕು. ಅದೇ ಚಿತ್ರ 1970ರ ಸಾಲಿನ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

ಚಂದ್ರಿಯಾಗಿ ನಟಿಸಿದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ನಾರಣಪ್ಪನ ಶವಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಚರ್ಚೆಗಿಳಿದಾಗ, ಮೈಮೇಲಿನ ಒಡವೆಗಳನ್ನು ಬಿಚ್ಚಿ ಮುಂದಿಡುವವಳು ಈ ಚಂದ್ರಿ.

ತೆರೆಯ ಹೊರಗೆ ದಂಪತಿಗಳಿಬ್ಬರೂ ಲೋಹಿಯಾವಾದಿಗಳು, ಜಾರ್ಜ್ ಫರ್ನಾಂಡಿಸ್ ಅವರಿಗೆ ಆಪ್ತರು. ತುರ್ತು ಪರಿಸ್ಥಿತಿಯಲ್ಲಿ ಅಷ್ಟೇ ಸಾಕಾಯಿತು. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಬಂಧಿತರಾದರು. ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರು ಬರಲೇ ಇಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಕಳೆದರು. ಹಿಂದೆ ಸನ್ಮಾನಿಸಿದ್ದೂ ಸರ್ಕಾರವೇ, ಈಗ ಸೆರೆಗೆ ತಳ್ಳಿದ್ದೂ ಸರ್ಕಾರವೇ! ಆಸ್ತಮಾದಿಂದ ನರಳುತ್ತಿದ್ದ ಅವರಿಗೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ಅಷ್ಟರಲ್ಲೂ ಸಹಕೈದಿ ಹೆಂಗಸರ ಪರವಾಗಿ ದನಿಯೆತ್ತಿದರು, ದಿನಚರಿ ಬರೆದಿಟ್ಟರು.

1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದ ಸ್ನೇಹಲತಾ 20ರಂದು ತೀರಿಕೊಂಡರು. ಲೋಕಸಭಾ ಚುನಾವಣೆ ಘೋಷಣೆಯಾಗಿ ಆಗಿನ್ನೂ ಎರಡೇ ದಿನವಾಗಿತ್ತು.